ಹನ್ನೊಂದು ದಿನ ತಡವಾಗಿ ಹೋದ ಬಾತ್‌ಟಬ್

ದುಬೈಯ ಇಂಟರ್‌ನ್ಯಾಷನಲ್ ಸಿಟಿಯಲ್ಲಿರುವ ನಮ್ಮ ಒಂದು ಬೆಡ್‌ರೂಮಿನ ಫ್ಲ್ಯಾಟಿನಿಂದ ಬಾತ್‌ಟಬ್ಬನ್ನು ಕಳೆದ ವರ್ಷ ತೆಗೆಸಿದೆವು. ಹೆಂಡತಿಯ ಕಷ್ಟ ಕಣ್ಣಿಗೆ ಬಿದ್ದ ದಿನವೇ ಅದನ್ನು ತೆಗೆಸಲು ನಾನು ನಿರ್ಧರಿಸಿದೆ ಎಂದು ಈಚಿನವರೆಗೆ ನಂಬಿದ್ದೆ. ಒಂದಿಬ್ಬರ ಮುಂದೆ ಹೇಳಿಯೂ ಇದ್ದೇನೆ. ಮೊನ್ನೆ ಬೇರೇನನ್ನೋ ಹುಡುಕುತ್ತ ಡೈರಿ ತಿರುವಿದಾಗ ಅಲ್ಲಿ ಬೇರೆಯೇ ಇತ್ತು.

ನಮ್ಮ ಯೋಚನೆ ಸರಳವಾಗಿತ್ತು. ಇನ್ನು ನಾಲ್ಕು ವರ್ಷಕ್ಕೆ ನನ್ನ ಕೆಲಸ ಮುಗಿಯುತ್ತದೆ. ಆಗ ಫ್ಲ್ಯಾಟ್ ಮಾರಿ ಮಂಗಳೂರಿಗೆ ಹೋಗುವುದು. ಅಲ್ಲಿಯವರೆಗೆ ನಮಗೂ ಹಿತವಾಗಿರಬೇಕು, ಮಾರುವಾಗ ಒಳ್ಳೆಯ ಬೆಲೆಯೂ ಬರಬೇಕು. ಅದಕ್ಕಾಗಿ ಮನೆಯಲ್ಲಿ ದೊಡ್ಡ ರಿಪೇರಿ ಕೆಲಸ ಒಂದನ್ನು ಮಾಡಿಸುವಷ್ಟು ಶಕ್ತಿ ನಮಗಿತ್ತು, ಎರಡನ್ನಲ್ಲ. ಮನೆ ಮಾರಿಸಿಕೊಡುವ, ಉಡುಪಿ ಕಡೆಯ ಒಬ್ಬ ಏಜೆಂಟರನ್ನು ಕರೆಸಿದೆ. ಅವರು ಚಪ್ಪಲಿ ಕಳಚಿ, ಮನೆಯೆಲ್ಲ ಸುತ್ತಿ, ಅಡುಗೆಮನೆಯ ಕಪಾಟಿನ ಬಾಗಿಲೊಂದನ್ನು ಎರಡು ಸಲ ತೆಗೆದು ಮುಚ್ಚಿದರು.

"ಕಿಚನ್ ಮಾಡಿಸಿ ಸಾರ್. ಕಿಚನ್ ನೋಡಿಯೇ ಮನೆ ಹೋಗುವುದು. ಟಬ್ಬಿಗೆ ಮಾತ್ರ ಕೈ ಹಾಕ್ಬೇಡಿ. ಸಣ್ಣ ಮಕ್ಕಳಿರುವ ಫ್ಯಾಮಿಲಿ ಬಂದ್ರೆ ಮೊದಲು ಕೇಳುವುದೇ ಟಬ್ ಉಂಟಾ ಅಂತ."

"ಅದರಲ್ಲಿ ನಾವು ಇದುವರೆಗೆ ಮಲಗಿದ್ದೇ ಇಲ್ಲ" ಎಂದಳು ಹೆಂಡತಿ.

"ನೀವು ಮಲಗ್ಬೇಕಂತ ಇಲ್ಲ ಅಕ್ಕ. ಅದು ಇದ್ರೆ ಸಾಕು."

ಅವಳು ಹೇಳಿದ್ದು ನಿಜ. ಹದಿನಾಲ್ಕು ವರ್ಷ ನಾವು ಆ ಟಬ್ಬಿನೊಳಗೆ ಒಂದು ಬಕೆಟ್ ಇಟ್ಟುಕೊಂಡು, ಅದರ ಪಕ್ಕ ಟಬ್ಬಿನೊಳಗೇ ನಿಂತು, ಮಗ್ಗಿನಲ್ಲಿ ನೀರು ಹೊಯ್ದುಕೊಂಡವರು. ಇಲ್ಲಿನ ಬೇಸಿಗೆಯಲ್ಲಿ ತಣ್ಣೀರಿನ ನಲ್ಲಿಯಲ್ಲಿ ಬರುವುದೂ ಕುದಿನೀರೇ. ಬೆಳಿಗ್ಗೆ ಬಕೆಟ್ ತುಂಬಿಸಿಟ್ಟರೆ ಸಂಜೆಗೆ ಮೈಗೆ ಹೊಯ್ಯುವಂತಾಗುತ್ತದೆ. ಟಬ್ಬೆಂದರೆ ನಮಗೆ ಬಕೆಟ್ಟು ಇಡುವ ಜಾಗ, ಅಷ್ಟೆ. ಆದರೂ ಏಜೆಂಟರ ಮಾತು ನನಗೆ ಸರಿಯೆನಿಸಿತು. ಅಡುಗೆಮನೆಯೇ ಎಂದು ತೀರ್ಮಾನವಾಯಿತು.

ಆ ವಾರದ ಒಂದು ಬೆಳಿಗ್ಗೆ ಬಚ್ಚಲಿನ ಬಾಗಿಲು ಅರ್ಧ ತೆರೆದಿತ್ತು. ಹೆಂಡತಿ ಟಬ್ಬಿನ ಅಂಚಿನ ಮೇಲೆ ಕುಳಿತಿದ್ದಳು. ಬಲಗಾಲನ್ನು ಎರಡೂ ಕೈಗಳಿಂದ ಎತ್ತಿ, ಯಾರದೋ ಕಾಲೆಂಬಂತೆ ಅಂಚು ದಾಟಿಸಿ ಒಳಗಿಟ್ಟಳು. ಒಂದು ಕ್ಷಣ ಕಣ್ಣು ಮುಚ್ಚಿದಳು. ಅವಳು ನರ್ಸು. ಇಪ್ಪತ್ತಾರು ವರ್ಷ ರೋಗಿಗಳನ್ನು ಎತ್ತಿ, ಹೊರಳಿಸಿ, ಕೂರಿಸಿ ಅವಳ ಸೊಂಟ ಸೋತಿದೆ. ಅದು ನನಗೆ ಗೊತ್ತಿತ್ತು. ಎಷ್ಟು ಸೋತಿದೆ ಎಂಬುದು ಗೊತ್ತಿರಲಿಲ್ಲ.

ಆ ಕ್ಷಣದಲ್ಲೇ "ಟಬ್ ಹೋಗಲಿ" ಅಂದುಕೊಂಡೆ ಎಂಬುದು ನನ್ನ ನೆನಪು. ಡೈರಿಯ ಆ ದಿನದ ಪುಟದಲ್ಲಿ ಇರುವುದಿಷ್ಟು: "ಕಪಾಟಿನ ಬಾಗಿಲು, ಬಿಳಿ ಅಥವಾ ತಿಳಿಬೂದು. ಬಿಳಿಯಲ್ಲಿ ಅರಸಿನದ ಕಲೆ ಕಾಣುತ್ತದೆ. ಅವಳ ಕಾಲು ನೋಯುತ್ತಿದೆ, ಡಾಕ್ಟರಿಗೆ ತೋರಿಸಲು ಹೇಳಬೇಕು." ಟಬ್ಬಿನ ಸುದ್ದಿಯೇ ಇಲ್ಲ. ಅದು ಬರುವುದು ಹನ್ನೊಂದು ದಿನಗಳ ನಂತರ. ನಡುವಿನ ಪುಟಗಳಲ್ಲಿ ಮತ್ತೂ ಎರಡು ಕಡೆ ಕಪಾಟಿನ ಬಣ್ಣವೇ ಇದೆ.

ಹನ್ನೊಂದನೆಯ ದಿನ ಅವಳಿಗೆ ರಜೆ. ಅದರ ಹಿಂದಿನ ದಿನವೂ ರಜೆಯೇ. ಒಗೆಯಲು ಬಟ್ಟೆ ಒಟ್ಟುಮಾಡುವಾಗ ಅವಳ ಟವೆಲ್ ಮಡಿಸಿದ ಹಾಗೆಯೇ ಇತ್ತು, ಒಣಗಿದ್ದು. ಕೇಳಿದೆ. ಅವಳು ನಕ್ಕಳು.

"ಡ್ಯೂಟಿ ಇದ್ದ ದಿನ ಆಸ್ಪತ್ರೆಯಲ್ಲೇ ಸ್ನಾನ ಮಾಡಿ ಬರ್ತೇನೆ. ಅಲ್ಲಿ ಶವರಿಗೆ ಮೆಟ್ಟಿಲೂ ಇಲ್ಲ, ಟಬ್ಬೂ ಇಲ್ಲ. ರಜೆಯ ದಿನ ಬಟ್ಟೆ ಒದ್ದೆ ಮಾಡಿ ಒರೆಸಿಕೊಳ್ಳುದು."

"ಎಷ್ಟು ದಿನದಿಂದ?"

"ಈಸ್ಟರ್‌ನಿಂದ ಇರ್ಬೇಕು. ನಡುವೆ ಒಮ್ಮೆ ಟಬ್ಬಿಗೆ ಇಳಿದು ನೋಡಿದೆ, ಆಗುದಿಲ್ಲ. ದಿನಾ ಹತ್ತು ಜನಕ್ಕೆ ಮೈ ಒರೆಸ್ತೇನೆ ಮಾರಾಯ, ನಾನೊಬ್ಬಳು ಹೆಚ್ಚಾ?"

ನಾವು ಮನೆಯಲ್ಲಿ ಆಡುವುದು ಕೊಂಕಣಿ. ಆ ಮಾತನ್ನು ಕನ್ನಡದಲ್ಲಿ ಬರೆದರೆ ಅವಳ ನಗು ಅಷ್ಟಾಗಿ ಕೇಳಿಸುವುದಿಲ್ಲ. ಅವಳಲ್ಲಿ ದೂರಿರಲಿಲ್ಲ. ಟಬ್ಬಿಗೆ ಬೆಲೆಯಿದೆ ಎಂದು ನಾನು ಹೇಳಿದ್ದನ್ನು ಅವಳು ನಂಬಿದ್ದಳು, ಅಷ್ಟೆ. ಅವತ್ತಿನ ಪುಟದಲ್ಲಿ ಒಂದೇ ಸಾಲು: "ಅಡುಗೆಮನೆ ಬೇಡ. ಟಬ್."

ಕಟ್ಟಡದ ಆಫೀಸಿನಿಂದ ಅನುಮತಿ ಪತ್ರ ಸಿಕ್ಕಿತು. ಕೆಳಗಿನ ಮನೆಯವರಿಗೆ ತಿಳಿಸಬೇಕು ಎಂಬುದು ಅದರ ಷರತ್ತು. ಕೆಳಗೆ ಇರುವುದು ಬಂಟ್ವಾಳ ಕಡೆಯ ಬ್ಯಾರಿ ಕುಟುಂಬ. ಅವರಿಗೆ ರಾಸ್ ಅಲ್ ಖೋರ್‌ನಲ್ಲಿ ಹಳೆ ಗಾಡಿಗಳ ಬಿಡಿಭಾಗದ ವ್ಯಾಪಾರ. ಲಿಫ್ಟಿನಲ್ಲಿ ಸಿಕ್ಕರೆ ತುಳುವಿನಲ್ಲಿ ನಾಲ್ಕು ಮಾತು, ಅದಕ್ಕಿಂತ ಹೆಚ್ಚಿನ ಬಳಕೆ ನನಗಿರಲಿಲ್ಲ. ಸದ್ದಿಗೆ ಬೇಸರ ಪಟ್ಟುಕೊಳ್ಳುತ್ತಾರೆಂದು ಅಳುಕುತ್ತಲೇ ಗಂಟೆ ಒತ್ತಿದೆ.

"ಎಂತ ಪೊರ್ಬುಗಳೇ, ಮನೆ ಒಡೀತೀರಂತೆ? ನಮ್ಮ ತಲೆ ಮೇಲೆ ಬೀಳುದಿಲ್ಲ ಅಲ್ಲ?" ಎಂದರು ಮನೆಯ ಯಜಮಾನರು. ಕೊಂಕಣಿ ಕ್ರೈಸ್ತ ಗಂಡಸರನ್ನು ಅವರು ಕರೆಯುವುದೇ ಹಾಗೆ, ಹೆಂಗಸರಾದರೆ ಬಾಯಮ್ಮ. ವಿಷಯ ಹೇಳಿದೆ. ಒಳಗಿನಿಂದ ಅವರ ಹೆಂಡತಿಯ ದನಿ ಬಂತು: "ಕೆಲಸ ಮುಗಿಯುವವರೆಗೆ ಬಾಯಮ್ಮ ನಮ್ಮಲ್ಲೇ ಸ್ನಾನ ಮಾಡ್ಲಿ ಅಂತ ಹೇಳಿ. ನಮ್ಮ ಟಬ್ ತೆಗ್ಸಿ ಮೂರು ವರ್ಷ ಆಯ್ತು."

ಮೂರು ವರ್ಷದಿಂದ ನನ್ನ ಕಾಲ ಕೆಳಗೆ ಟಬ್ಬಿಲ್ಲದ ಬಚ್ಚಲಿತ್ತು. ನಾನು ಏಜೆಂಟರನ್ನು ಕೇಳಿದ್ದೆ, ಪಕ್ಕದವರನ್ನು ಕೇಳಿರಲಿಲ್ಲ.

ಮೇಸ್ತ್ರಿ ಪೇಶಾವರದ ಕಡೆಯವರು, ಹೆಚ್ಚು ಮಾತಿಲ್ಲ. ಟಬ್ಬನ್ನು ತುಂಡು ಮಾಡಿ ಇಳಿಸಿದರು. ನೆಲಕ್ಕೆ ನೀರು ಇಳಿಯದಂತೆ ಕಪ್ಪು ಲೇಪ ಬಳಿದರು. ಬಾಗಿಲಿಗೆ ಅಡ್ಡ ಕಟ್ಟಿ, ಕಣಕಾಲು ಮುಳುಗುವಷ್ಟು ನೀರು ನಿಲ್ಲಿಸಿದರು. "ಎರಡು ದಿನ ಹೀಗೇ ಇರಬೇಕು. ಆಮೇಲೆ ಕೆಳಗೆ ಹೋಗಿ ಅವರ ಬಚ್ಚಲಿನ ಸೀಲಿಂಗ್ ನೋಡಬೇಕು" ಎಂದು ಹಿಂದಿಯಲ್ಲಿ ಹೇಳಿದರು. ಎರಡು ದಿನ ಬಿಟ್ಟು ಅವರೊಂದಿಗೆ ಕೆಳಗಿಳಿದೆ. ಬಚ್ಚಲಿನ ಮಾಡಿಗೆ ಟಾರ್ಚ್ ಹಿಡಿದ ಮೇಸ್ತ್ರಿ "ಹೊಸದೇನೂ ಇಲ್ಲ. ಹಳೆಯದು ಇದೆ" ಎಂದರು.

ನೋಡಿದೆ. ನಮ್ಮ ಟಬ್ಬಿನ ಅಂಚು ಎಲ್ಲಿತ್ತೋ ಸರಿಯಾಗಿ ಅದರ ಕೆಳಗೆ, ಬಿಳಿ ಬಣ್ಣದ ಅಡಿಯಿಂದ, ಚಹಾ ಚೆಲ್ಲಿದಂಥ ಉದ್ದನೆಯ ಕಲೆ ಮಸುಕಾಗಿ ಕಾಣುತ್ತಿತ್ತು. ಟಬ್ಬಿಗೂ ಗೋಡೆಗೂ ನಡುವಿನ ಸಂದಿಯಿಂದ ನಾವು ಹೊಯ್ದುಕೊಂಡ ನೀರು ವರ್ಷಗಟ್ಟಲೆ ಇವರ ಮನೆಗೆ ಇಳಿದಿತ್ತು.

"ಯಾಕೆ ಹೇಳಲಿಲ್ಲ ನೀವು?"

"ಎಂತ ಹೇಳುದು? ರಂಜಾನಿಗೆ ಹೇಗೂ ಪೇಂಟ್ ಮಾಡ್ತೇವಲ್ಲ, ಆಗ ಅದಕ್ಕೂ ಒಂದು ಕೈ."

"ಹೇಳಿದ್ರೆ ನೀವು ಒಡೆಸ್ಬೇಕಿತ್ತು" ಎಂದರು ಅವರ ಹೆಂಡತಿ. "ಬಾಯಮ್ಮ ಆಗ ನೈಟ್ ಡ್ಯೂಟಿ ಮುಗ್ಸಿ ಹಗಲು ಮಲಗ್ತಿದ್ರು. ನಮ್ಮ ಅತ್ತೆಯ ಕಾಲಿನ ಗಾಯಕ್ಕೆ ಒಂದೂವರೆ ತಿಂಗಳು ಅವರೇ ಬಂದು ಬ್ಯಾಂಡೇಜ್ ಕಟ್ಟಿದ್ದು. ಡ್ಯೂಟಿಯಿಂದ ಬಂದವರು ಮನೆಗೂ ಹೋಗದೆ ಮೊದಲು ಇಲ್ಲಿಗೇ ಬರ್ತಿದ್ರು. ನಿಮಗೆ ಗೊತ್ತುಂಟಲ್ಲ?"

ತಲೆ ಆಡಿಸಿದೆ. ನನಗೆ ಗೊತ್ತಿರಲಿಲ್ಲ, ಅಥವಾ ಅವಳು ಹೇಳಿದ್ದು ನಾನು ಮರೆತಿದ್ದೆ. ಮೊನ್ನೆ ಆ ಕಾಲದ ಡೈರಿಯನ್ನೂ ತೆಗೆದು ನೋಡಿದೆ. ಒಂದು ಕಡೆ "ಅವಳು ಇಂದೂ ತಡ" ಎಂದಿದೆ. ನೆನಪನ್ನು ನಂಬಬಾರದೆಂದು ಡೈರಿ ಇಟ್ಟವನು ನಾನು. ಡೈರಿಯಲ್ಲಿ ಇದ್ದದ್ದೂ ನನಗೆ ಕಂಡಷ್ಟೇ.

ಕೆಲಸ ಮುಗಿದ ಮೇಲೆ ಏಜೆಂಟರು ಮತ್ತೆ ಬಂದರು. ಸಮತಟ್ಟಾದ ನೆಲ, ಜಾರದ ಟೈಲ್ಸು, ಗೋಡೆಗೆ ಹಿಡಿಕೆ, ಮೂಲೆಯಲ್ಲಿ ಒಂದು ಕುಳ್ಳ ಸ್ಟೂಲು ಇವನ್ನೆಲ್ಲ ನೋಡಿ ತಲೆದೂಗಿದರು.

"ಬೆಸ್ಟ್ ಆಯ್ತು ಸಾರ್. ಊರಿಂದ ಅಪ್ಪ ಅಮ್ಮನನ್ನು ಕರ್ಕೊಂಡು ಬರುವವರಿಗೆ ಇದೇ ಬೇಕು. ನಾನು ಅವತ್ತೇ ಹೇಳಿದ್ದೆನಲ್ಲ?"

ಹೆಂಡತಿ ನನ್ನ ಮುಖ ನೋಡಿದಳು. ಹನ್ನೊಂದು ದಿನವನ್ನು ಒಂದೇ ಕ್ಷಣ ಮಾಡಿಕೊಂಡವನು ಅವರನ್ನು ತಿದ್ದುವುದೆಲ್ಲಿಂದ? ಬೆಲೆ ಏರಿತೋ ಇಳಿಯಿತೋ ಎಂಬುದು ಮಾರುವ ದಿನ ಗೊತ್ತಾಗುತ್ತದೆ. ಅಡುಗೆಮನೆಯಲ್ಲಿ ಕಪಾಟಿನ ಹಿಡಿಗಳನ್ನು ಮಾತ್ರ ಬದಲಿಸಿದ್ದೇವೆ. ಅರಸಿನದ ಕಲೆ ಅಲ್ಲೇ ಇದೆ.

ಈಗ ಅವಳು ಆಸ್ಪತ್ರೆಯಲ್ಲಿ ಸ್ನಾನ ಮಾಡಿ ಬರುವುದಿಲ್ಲ. ನನ್ನ ಕೆಲಸ ಒಂದೇ. ಬೆಳಿಗ್ಗೆ ಹೊರಡುವ ಮೊದಲು ಬಕೆಟ್ ತುಂಬಿಸಿ ಸ್ಟೂಲಿನ ಪಕ್ಕ ಇಡುವುದು, ಅವಳು ಬರುವಷ್ಟರಲ್ಲಿ ನೀರು ತಣಿದಿರಲೆಂದು. ನಿನ್ನೆ ಮರೆತಿದ್ದೆ. ಒಳಗಿನಿಂದ ಕೂಗಿದಳು: "ಎಂತ ಇದು, ಕೋಳಿ ಸುಲಿಯಲಿಕ್ಕಾ ನೀರು?" ಇದನ್ನು ನಿನ್ನೆಯೇ ಡೈರಿಯಲ್ಲಿ ಬರೆದಿಟ್ಟಿದ್ದೇನೆ.