ತಾರಾ ಮಾವಶಿ ಹೇಳಲಾಗದ ಎರಡನೇ ಭಾಗ

ತಾರಾ ಮಾವಶಿ ಸಿನಿಮಾದ ಕತೆ ಹೇಳುವಾಗ ಕಣ್ಣು ನಮ್ಮ ಮೇಲಿರುತ್ತಿತ್ತು. ಬೆರಳುಗಳು ತಾವಾಗಿಯೇ ಬೀಡಿ ಎಲೆಗೆ ತಂಬಾಕು ತುಂಬಿ, ಸುತ್ತಿ, ದಾರ ಕಟ್ಟುತ್ತಿದ್ದವು. ನಾಯಕಿ ಅಳುವಲ್ಲಿ ಮಾತ್ರ ದಾರ ತುಸು ಬಿಗಿಯಾಗುತ್ತಿತ್ತು.

ಎಂಬತ್ತರ ದಶಕದಲ್ಲಿ ನಾನು ರಾಯಬಾಗದಿಂದ ನಿಪ್ಪಾಣಿಗೆ ಸೊಸೆಯಾಗಿ ಬಂದು ಬೀಡಿ ಕಟ್ಟಲು ಕೂತಾಗ ಅವಳಿಗೆ ಐವತ್ತರ ಹತ್ತಿರ; ಮರಾಠಿಯಲ್ಲಿ ಚಿಕ್ಕಮ್ಮನನ್ನು ಕರೆಯುವಂತೆ ಎಲ್ಲರೂ ಮಾವಶಿ ಎನ್ನುತ್ತಿದ್ದರು. ರವಿವಾರ ಮಧ್ಯಾಹ್ನದ ಆಟ ನೋಡಿ ಸೋಮವಾರ ನಮಗೆ ಹೇಳುತ್ತಿದ್ದಳು. ಸಿನಿಮಾ ಹಿಂದಿ, ಹೇಳುವುದು ಅರ್ಧ ಕನ್ನಡ, ಅರ್ಧ ಮರಾಠಿ. ಯಾರಾದರೂ ನಡುವೆ ನೀರು ಕುಡಿದು ಬಂದರೆ ಒಂದೇ ಮಾತಿನಲ್ಲಿ ಕತೆಯ ಎಳೆ ಹಿಡಿಸಿಬಿಡುತ್ತಿದ್ದಳು.

ಗಣಿಯಲ್ಲಿ ಜೀತಕ್ಕೆ ಸಿಕ್ಕಿಬಿದ್ದ ತಮ್ಮನನ್ನು ಅಣ್ಣ ಹುಡುಕಿ ಮನೆಗೆ ಕರೆತರುವ ಸಿನಿಮಾವನ್ನು ನಾವು ಮೂರು ಸಲ ಹೇಳಿಸಿಕೊಂಡಿದ್ದೆವು. ಕೆಲವು ವರ್ಷದ ಮೇಲೆ ಅದರ ಎರಡನೇ ಭಾಗ ಬಂತು. ಸೋಮವಾರ ಎಲ್ಲರೂ ಬೇಗನೆ ಬಂದು ಕೂತೆವು. ಮಾವಶಿ ಶುರು ಮಾಡಿದಳು, ನಿಂತಳು, ಕತೆಯಲ್ಲಿ ಹಿಂದಕ್ಕೆ ಹೋದಳು. "ತಡೀರಿ, ಅದಕ್ಕೂ ಮೊದಲ ಇನ್ನೊಬ್ಬ ಬಂದಿದ್ದ…"

"ಮಾವಶಿ, ಟಾಕೀಜಿನ್ಯಾಗ ನಿದ್ದಿ ಹೊಡದ್ರೇನ?" ಎಂದು ಯಾರೋ ನಕ್ಕರು.

ಅವಳು ನಗಲಿಲ್ಲ. ಸಂಜೆ ನಳದ ಹತ್ತಿರ ನನ್ನೊಬ್ಬಳಿಗೇ ಹೇಳಿದಳು: "ನನ್ನ ತಲಿ ಕೆಟ್ಟೈತೇನೋ ಅಂತ ಅಂಜಿಕಿ ಬರತೈತಿ. ನಮ್ಮವ್ವಗ ಹಿಂಗ ಶುರು ಆಗಿತ್ತು. ಕಡೀಕ ನನ್ನ ಹೆಸರೂ ಮರತಿದ್ಲು."

ಮುಂದಿನ ರವಿವಾರ ನನ್ನನ್ನೂ ಟಾಕೀಸಿಗೆ ಎಳೆದುಕೊಂಡು ಹೋದಳು. ತೆರೆಯ ಮೇಲೆ ಮೂವರು ಖಳನಾಯಕರು, ಅಣ್ಣನಂತೆಯೇ ಕಾಣುವ ಇನ್ನೊಬ್ಬ, ಪರದೇಶದಲ್ಲಿ ಎರಡು ಹಾಡು, ಮೇಲಿಂದ ಮೇಲೆ ಹೆಲಿಕಾಪ್ಟರ್. "ಇವ ಯಾರ?" ಎಂದು ಅವಳು ಪಿಸುಗುಟ್ಟಿದಾಗ ನಾನು "ಗೊತ್ತಾಗವಲ್ದರಿ" ಎಂದೆ.

"ನಿನಗೂ ತಿಳೀವಲ್ದ? ಖರೇನ?" ಕತ್ತಲಲ್ಲಿ ನನ್ನ ಕೈ ಹಿಡಿದು ಸಣ್ಣ ಹುಡುಗಿಯಂತೆ ನಕ್ಕಳು.

ಹೊರಗೆ ಬಂದ ಮೇಲೆ ಅವಳಿಗೆ ಒಂದೇ ಧ್ಯಾನ: ಹೀಗೇಕಾಯಿತು? "ಹಿಂದಿನದರಾಗ ಅಣ್ಣಗ ಒಂದ ಬೇಕಾಗಿತ್ತು, ತಮ್ಮ. ಅವ ಸಿಕ್ಕಾನ. ಇನ್ನ ಇವಗ ಏನ ಬೇಕು ಅಂತ ಮಾಡಿದವ್ರು ಕೇಳಿಕೊಂಡಿಲ್ಲ. ನಾವು ಹೊಡೆದಾಟಕ್ಕ ಸೀಟಿ ಹೊಡದ್ವಿ, ಅವರು ಹೊಡೆದಾಟ ಹೆಚ್ಚ ಮಾಡ್ಯಾರ." ನಾಲ್ಕು ಹೆಜ್ಜೆ ನಡೆದು ಗಕ್ಕನೆ ನಿಂತಳು. "ಮನಿಗೆ ಬಂದ ತಮ್ಮ ಹಾಸಿಗಿ ಬಿಟ್ಟು ನೆಲದ ಮ್ಯಾಲ ಮಲಗಿದ್ದ ನೋಡ, ಒಂದ ನಿಮಿಷ? ಕತಿ ಅಲ್ಲೇ ಇತ್ತವಾ! ಅಷ್ಟರಾಗ ಹೆಲಿಕಾಪ್ಟರ್ ಬಂತು."

ಮರುದಿನ ಉಳಿದದ್ದನ್ನೆಲ್ಲ ಬಿಟ್ಟು ಆ ಒಂದು ನಿಮಿಷವನ್ನೇ ಹಿಡಿದು ಹೇಳಿದಳು. ತಮ್ಮನೇನೋ ಮನೆಗೆ ಬಂದಿದ್ದಾನೆ, ಆದರೆ ಉಣ್ಣುವುದಿಲ್ಲ, ಮಾತಾಡುವುದಿಲ್ಲ. ನನ್ನ ಪಕ್ಕದಲ್ಲಿದ್ದ ಕಮಲವ್ವ ಕತ್ತರಿ ಕೆಳಗಿಟ್ಟಳು. ಅವಳ ಗಂಡ, ಮುಂಬಯಿಯಲ್ಲಿ ದುಡಿಯುತ್ತಿದ್ದ ಗಿರಣಿ ಮುಚ್ಚಿತೆಂದು ಊರಿಗೆ ಬಂದಾಗಿನಿಂದ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದ.

"ಆಮ್ಯಾಲ ಅಣ್ಣ ಏನ ಮಾಡಿದ್ನಿರಿ?" ಎಂದಳು.

"ಏನೂ ಕೇಳ್ಲಿಲ್ಲವಾ. ತಾನೂ ಬಾಜೂಕ ಚಾಪಿ ಹಾಸಿಕೊಂಡ."

ಸಿನಿಮಾದಲ್ಲಿ ಹಾಗಿರಲಿಲ್ಲ. ನನಗೆ ಗೊತ್ತಿತ್ತು. ಕಮಲವ್ವ ಕತ್ತರಿ ಎತ್ತಿಕೊಂಡು ಮತ್ತೆ ಎಲೆ ಕತ್ತರಿಸತೊಡಗಿದಳು.

ತೊಂಬತ್ತರ ದಶಕದಲ್ಲಿ ಮಾವಶಿ ಕಾಗವಾಡದ ಮಗಳ ಮನೆಗೆ ಹೋದಳು. ಎರಡು ವರ್ಷದ ಮೇಲೆ ನಮಗೆ ಮಗಳ ಕಾಗದ ಬಂತು. ಮಾವಶಿ ಮೊಮ್ಮಕ್ಕಳಿಗೆ ಯಾವುದೋ ಸಿನಿಮಾ ಹೇಳುತ್ತಿದ್ದಳಂತೆ. ನದಿ ದಾಟಲು ಬಂದ ಹೆಂಗಸೊಬ್ಬಳಿಗೆ ಅಂಬಿಗ "ಆಚೆ ದಡದಲ್ಲಿ ಯಾರಿದ್ದಾರೆ?" ಎಂದು ಕೇಳುತ್ತಾನೆ. ಅಲ್ಲಿಗೆ ನಿಲ್ಲಿಸಿ, ಚಹಾ ಕುಡಿದು ಹೇಳತೇನಿ ಎಂದು ಗೋಡೆಗೆ ಒರಗಿದವಳು ಮತ್ತೆ ಏಳಲಿಲ್ಲ. ಮಕ್ಕಳು ಮುಂದಿನದನ್ನು ಕೇಳುತ್ತಿದ್ದಾರೆ, ನಿಮಗೆ ಗೊತ್ತಿದ್ದರೆ ಬರೆಯಿರಿ ಎಂದಿದ್ದಳು ಮಗಳು.

ಆ ಕಾಗದವನ್ನು ಎಲ್ಲರಿಗೂ ಓದಿ ಹೇಳಿದೆ. ಅಂಥ ಸಿನಿಮಾ ನಮ್ಮಲ್ಲಿ ಒಬ್ಬರೂ ನೋಡಿರಲಿಲ್ಲ, ಮಾವಶಿಯ ಬಾಯಿಂದ ಕೇಳಿಯೂ ಇರಲಿಲ್ಲ.