ಅವ್ವ ಬರೆಸಿದ ಕಂತು

ನಾನು ಹುಟ್ಟಿದ್ದು ಕುರಿ ಕಾಯುವವರ ಮನೆಯಲ್ಲಿ, ಕುರಿಮರಿಯಾದದ್ದು ಬೀದರಿನ ಹಾಸ್ಟೆಲಿನಲ್ಲಿ. ಹೀಗೆಂದರೆ ನನ್ನ ಮಕ್ಕಳು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಗಲಿ. ಆ ಕುರಿಮರಿ ಇಲ್ಲದಿದ್ದರೆ ಇವರು ಬೂಟು ಹಾಕಿಕೊಂಡು ಶಾಲೆಗೆ ಹೋಗುವ ಮಾತು ಎಲ್ಲಿತ್ತು?

ನಮ್ಮದು ಔರಾದ ತಾಲೂಕು. ಠಾಣಾ ಕುಶನೂರಿನಲ್ಲಿ ಬಸ್ಸಿಳಿದು ನಡೆದು ಹೋಗಬೇಕಾದ ಸಣ್ಣ ಊರು. ಎರಡು ವರ್ಷ ಸಾಲಾಗಿ ಮಳೆ ಕೈಕೊಟ್ಟಾಗ ಮೊದಲು ಹುಲ್ಲು ಹೋಯಿತು, ಆಮೇಲೆ ಬಾವಿಯ ನೀರು ಹೋಯಿತು, ಕೊನೆಗೆ ಕುರಿಗಳೂ ಹೋದವು. ಅಪ್ಪ, ಅವ್ವ ಕಬ್ಬು ಕಡಿಯುವ ಟೋಳಿಯ ಜೊತೆ ಮಹಾರಾಷ್ಟ್ರಕ್ಕೆ ಹೊರಟರು. ಊರಿನ ಅರ್ಧ ಮಂದಿ ಮಕ್ಕಳನ್ನೂ ಲಾರಿಗೆ ಹತ್ತಿಸಿಕೊಂಡು ಹೊರಟಿದ್ದರು. ಹಾಗೆ ಹೋದ ಮಕ್ಕಳು ಮತ್ತೆ ಶಾಲೆಯ ಮುಖ ನೋಡುತ್ತಿರಲಿಲ್ಲ. ನಾನಾಗ ಐದನೇ ಇಯತ್ತೆ. ಬೀದರಿನಲ್ಲಿ ಚರ್ಚಿನವರ ಹೆಣ್ಣುಮಕ್ಕಳ ಹಾಸ್ಟೆಲು ಇದೆ, ಅಲ್ಲಿ ಜಾತಿ ಕೇಳುವುದಿಲ್ಲ ಎಂದು ಯಾರೋ ಅವ್ವನಿಗೆ ಹೇಳಿದರು. ಅವ್ವ ನನ್ನನ್ನು ಅಲ್ಲಿ ಬಿಟ್ಟಳು, ನನ್ನ ಹಣೆಗೆ ಬೀರಪ್ಪ ದೇವರ ಭಂಡಾರದ ಅರಿಶಿನ ಹಚ್ಚಿದಳು, ತಿರುಗಿ ನೋಡದೆ ಹೋದಳು.

ನಾನು ಅಳಲಿಲ್ಲ. ಅತ್ತ ಹುಡುಗಿಯರನ್ನು ಉಳಿದವರು ಹೇಗೆ ಕಾಡುತ್ತಾರೆಂದು ಮೊದಲ ದಿನವೇ ನೋಡಿದ್ದೆ. ನನ್ನ ಟ್ರಂಕು ಮುಟ್ಟಲು ಬಂದವಳ ಕೈ ಕಚ್ಚಿದೆ. ಊಟ ಕೊಟ್ಟರೆ ತಿನ್ನುತ್ತಿದ್ದೆ, ಪಾಠ ಕೊಟ್ಟರೆ ಬರೆಯುತ್ತಿದ್ದೆ, ಬಾಯಿ ಮಾತ್ರ ಬಿಡುತ್ತಿರಲಿಲ್ಲ. ಮೂಗಿ ಎಂದು ಹೆಸರು ಬಿತ್ತು.

ಹಾಸ್ಟೆಲು ನೋಡಿಕೊಳ್ಳುತ್ತಿದ್ದವರನ್ನು ಎಲ್ಲರೂ ‘ಬಾಯಿ’ ಎನ್ನುತ್ತಿದ್ದರು. ನಮ್ಮ ಕಡೆ ಹಿರಿಯ ಹೆಣ್ಣುಮಕ್ಕಳನ್ನು ಮರ್ಯಾದೆಯಿಂದ ಕರೆಯುವುದೇ ಹಾಗೆ. ನರೆತ ತಲೆ, ಬಿಳಿ ಸೀರೆ, ಸಿಟ್ಟು ಬಂದರೆ ಮೂಗಿನ ತುದಿ ಕೆಂಪು. ಅವರಿಗೊಂದು ಹುಚ್ಚಿತ್ತು, ಪ್ರಾಣಿಗಳ ನಾಟಕ. ಒಂದು ಹುಣಸೆಮರದ ಕೆಳಗೆ ಕತ್ತೆ, ಕಾಗೆ, ನಾಯಿ, ಆಮೆ ಕೂಡಿ ಬದುಕುತ್ತವೆ. ಜಗಳಾಡುತ್ತವೆ, ಸುಳ್ಳು ಹೇಳುತ್ತವೆ, ಸಿಕ್ಕಿಬೀಳುತ್ತವೆ, ಒಂದನ್ನೊಂದು ಕ್ಷಮಿಸುತ್ತವೆ. ಕೊನೆಗೆ ಆಮೆ ಬೈಬಲಿನ ಒಂದು ಮಾತು ಹೇಳುತ್ತದೆ. ಬಾಯಿ ಬರೆಯುವುದು, ನಾವು ಆಡುವುದು, ಅದನ್ನು ಕ್ಯಾಸೆಟ್ಟಿನಲ್ಲಿ ಹಿಡಿಯುವುದು. ತಿಂಗಳಿಗೊಂದು ಕಂತು. ಹಳ್ಳಿಯ ಚರ್ಚುಗಳಲ್ಲಿ ಭಾನುವಾರ ಅದನ್ನು ಮಕ್ಕಳಿಗೆ ಕೇಳಿಸುತ್ತಿದ್ದರು.

ರೆಕಾರ್ಡಿಂಗು ನಡೆಯುತ್ತಿದ್ದದ್ದು ಉಗ್ರಾಣದ ಕೋಣೆಯಲ್ಲಿ. ದನಿ ಗೋಡೆಗೆ ಬಡಿದು ಮರಳಬಾರದೆಂದು ಗಾಂಧಿ ಗಂಜಿನ ಕಾಳಿನ ಮಂಡಿಯಿಂದ ಹಳೆಯ ಗೋಣಿಚೀಲ ತಂದು ಸುತ್ತ ಇಳಿಬಿಟ್ಟಿದ್ದರು. ತೊಗರಿಯ ಧೂಳಿಗೆ ಕಾಗೆ ಪಾತ್ರದವಳು ಮಾತುಮಾತಿಗೂ ಸೀನುತ್ತಿದ್ದಳು. ಗಂಜಿಗೆ ಹೋಗುವ ಲಾರಿ ಹಾರ್ನ್ ಹೊಡೆದರೆ ಬಾಯಿ ಟೇಪು ನಿಲ್ಲಿಸದೆ ಕಥೆಯೊಳಗೇ ಒಂದು ಲಾರಿ ಓಡಿಸಿಬಿಡುತ್ತಿದ್ದರು. ಕತ್ತೆಯ ದನಿ ಪಾಸ್ಟರದು. ಪಾಪ, ಭಾನುವಾರ ಅವರು ಎಷ್ಟೇ ಗಂಭೀರವಾಗಿ ಪ್ರಸಂಗ ಮಾಡಿದರೂ ನಮಗೆ ಕತ್ತೆಯೇ ನೆನಪಾಗಿ ನಗು ಒತ್ತರಿಸಿ ಬರುತ್ತಿತ್ತು.

ಚಳಿಗಾಲದ ಒಂದು ಕಂತಿಗೆ ತಪ್ಪಿಸಿಕೊಂಡ ಕುರಿಮರಿ ಬೇಕಿತ್ತು. ಮಾತಾಡುವ ಹುಡುಗಿಯರೆಲ್ಲ ಕೈ ಎತ್ತಿದರು. ಬಾಯಿ ಮೂಗಿಯ ಕಡೆ ಬೆರಳು ತೋರಿಸಿದರು.

“ಮಾತು ಜಾಸ್ತಿ ಇಲ್ಲ. ಹಳ್ಳದಾಗ ಸಿಕ್ಕೊಂಡೀದಿ, ಕತ್ತಲಾಗ್ಯಾದ. ಅವ್ವನ ಕರಿ. ಅಷ್ಟೇ,” ಅಂದರು.

ಗೋಣಿಚೀಲಗಳ ನಡುವೆ ನಿಂತು ನಾನು “ಅವ್ವಾ” ಅಂದೆ. ಎರಡನೆಯ ಸಲ ಅನ್ನುವಷ್ಟರಲ್ಲಿ ಎಲ್ಲಿತ್ತೋ ಅಳು, ಕಟ್ಟೆ ಒಡೆದು ಬಂತು. “ಅವ್ವಾ, ನಾ ಇಲ್ಲೇ ಇದ್ದೀನಿ, ಬಾರವ್ವಾ” ಎಂದು ಬಿಕ್ಕಿದೆ. ಟೇಪು ತಿರುಗುತ್ತಲೇ ಇತ್ತು. ಕುರಿಮರಿ ಇನ್ನೂ ಹಳ್ಳದಲ್ಲಿರುವಾಗಲೇ ಆ ಕಂತು ಮುಗಿಯಿತು. ಹುಡುಗಿಯರು ಚಪ್ಪಾಳೆ ತಟ್ಟಿದರು, ಎಂಥ ಪಾರ್ಟು ಮಾಡಿದಿ ಎಂದು ಬೆನ್ನು ತಟ್ಟಿದರು. ಅಂದು ಮೂಗಿ ಎಂಬ ಹೆಸರು ಹೋಯಿತು. ಅಂದು ನಿದ್ದೆಯೂ ಚೆನ್ನಾಗಿ ಬಂತು.

ಔರಾದ ಕಡೆಯ ಎಷ್ಟೋ ಕ್ರೈಸ್ತ ಮನೆಗಳವರೂ ಕಬ್ಬಿಗೆ ಹೋಗಿದ್ದರಿಂದ ಕ್ರಿಸ್ಮಸ್ಸಿಗೆ ಪಾಸ್ಟರು ಟೇಪ್ ರೆಕಾರ್ಡರು ಹೊತ್ತುಕೊಂಡು ಅವರ ಗುಡಿಸಲುಗಳಿಗೇ ಹೋದರು. ಹುಣಸೆಮರದ ಕ್ಯಾಸೆಟ್ಟು ಹಾಕಿದರು. ಕೇಳಲು ಕೂತವರಲ್ಲಿ ನಮ್ಮ ಅವ್ವನೂ ಇದ್ದಳು.

ಮೂರನೆಯ ದಿನ ಅವ್ವ ಹಾಸ್ಟೆಲಿನ ಬಾಗಿಲಲ್ಲಿ ನಿಂತಿದ್ದಳು. ಟೋಳಿ ನಡೆಸುವ ಮುಕಾದಮನ ಬೈಗುಳ ತಿಂದು, ಕಬ್ಬಿನ ಲಾರಿ ಹತ್ತಿ, ಭಾಲ್ಕಿಯಲ್ಲಿ ಬಸ್ಸು ತಪ್ಪಿ ಸ್ಟ್ಯಾಂಡಿನಲ್ಲೇ ಮಲಗಿ ಎದ್ದು ಬಂದಿದ್ದಳು. ಕೈತುಂಬ ಕಬ್ಬಿನ ಗರಿಯ ಗೀರುಗಳು. ನನ್ನನ್ನು ಕಂಡವಳೇ ತಲೆಯಿಂದ ಕಾಲಿನವರೆಗೆ ಸವರಿ ನೋಡಿ, ಬಾಯಿಯವರ ಕಡೆ ತಿರುಗಿದಳು.

“ನನ್ನ ಕೂಸಿಗಿ ಏನ್ ಮಾಡೀರಿ ಬಾಯಿ? ಅಕಿ ಅಳೋದು ನಾ ನನ್ನ ಕಿವಿಲೆ ಕೇಳೀನಿ. ನಾ ಕರ್ಕೊಂಡು ಹೋಗ್ತೇನಿ.”

“ಅದು ನಾಟಕ ಅವ್ವಾ. ಆಟ,” ಅಂದರು ಬಾಯಿ.

“ಹಂಗಂದ್ರ ನನ್ನ ಮುಂದ ಒಮ್ಮಿ ಆಡ್ಲಿ.”

ಅವ್ವನ ಜೊತೆ ಹೋಗಬೇಕೆಂದು ಜೀವ ಎಳೆಯುತ್ತಿತ್ತು. ಹೋದರೆ ಶಾಲೆ ಮುಗಿಯಿತೆಂದೂ ಗೊತ್ತಿತ್ತು. ಗೋಣಿಚೀಲಗಳ ನಡುವೆ ನಿಂತು “ಅವ್ವಾ” ಅಂದೆ. ಅವ್ವ ಎದುರಿಗೇ ಇದ್ದಳು. ಅಳು ಎಲ್ಲಿಂದ ಬರಬೇಕು? ಮುಖ ಹಿಂಡಿದೆ, ಕಣ್ಣು ಉಜ್ಜಿದೆ. ಕೊನೆಗೆ ನಗುವೇ ಬಂತು.

ಅವ್ವ ಮಾತ್ರ ನಗಲಿಲ್ಲ. “ಆಟದ ಅಳು ಇದ್ರ ಈಗೂ ಬರ್ತಿತ್ರಿ. ಅದು ಖರೇ ಅಳು,” ಅಂದಳು.

ಬಾಯಿಯವರು ವಾದ ಮಾಡುತ್ತಾರೆಂದುಕೊಂಡೆ. ಅವರು ಸ್ಟೂಲಿನ ಮೇಲೆ ಕೂತರು.

“ಹೌದವ್ವಾ, ಖರೇನೇ ಅದ. ಬಂದಾಗಿಂದ ಒಂದು ಹನಿ ಕಣ್ಣೀರು ಹಾಕಿಲ್ಲ ನಿನ್ನ ಮಗಳು. ಒಳಗೊಳಗೇ ಕಲ್ಲಾಗ್ತಾಳಂತ ನನಗ ಫಿಕರ್ ಆತು. ಎಲ್ಲರ ಮುಂದ ಅತ್ರೂ ಯಾರೂ ನಗಬಾರ್ದು, ಅಂಥದೊಂದು ಜಾಗಾ ಅಕಿಗಿ ಬೇಕಿತ್ತು. ಅದಕ್ಕ ಮರಿ ಪಾರ್ಟು ಕೊಟ್ಟೆ.”

ಆ ಮಾತು ಕೇಳಿದಾಗ ನನಗೆ ನಾಚಿಕೆಯಾಯಿತು. ಆಮೇಲೆ ಇಷ್ಟು ವರ್ಷ, ನೆನೆದಾಗಲೆಲ್ಲ ಕೈ ಮುಗಿಯಬೇಕೆನಿಸಿದೆ. ನನಗೆ ಅಳಲು ಜಾಗ ಮಾಡಿಕೊಡುವುದಕ್ಕಾಗಿ ಒಬ್ಬರು ಒಂದಿಡೀ ಕಥೆ ಬರೆದಿದ್ದರು. ಇದಕ್ಕಿಂತ ದೊಡ್ಡ ಉಪಕಾರ ನನಗೆ ಯಾರೂ ಮಾಡಿಲ್ಲ.

ಅವ್ವ ಸೆರಗಿನ ಗಂಟು ಬಿಚ್ಚಿದಳು. ಒಳಗೆ ಬೆಲ್ಲದ ಉಂಡೆ, ಹುರಿದ ಶೇಂಗಾ, ಒಂದು ಹಿಡಿ ಎಳ್ಳು. “ಟೋಳಿ ಹೆಣ್ಮಕ್ಕಳು ಕೊಟ್ಟಾರ, ಮರಿಗಿ ಅಂತ. ಅವರೂ ಭಾಳ ಅತ್ರು. ಮುಂದ ಏನಾಗ್ತದಂತ ಕೇಳಿ ಬಾ ಅಂದಾರ,” ಅಂದು ಬಾಯಿಯವರ ಮುಖ ನೋಡಿದಳು. “ಮರಿ ಸಿಗ್ತದ ಹೌದಿಲ್ರಿ?”

“ಸಿಗ್ತದ. ಮುಂದಿನ ಕಂತಿನಾಗ ಕುರುಬ ಬಂದು ಹೆಗಲ ಮ್ಯಾಲ ಹೊತ್ಕೊಂಡು ಮನಿಗಿ ಒಯ್ತಾನ.”

ಅವ್ವ ತಲೆಯಾಡಿಸಿದಳು. ಒಪ್ಪಿಗೆಗೆ ಆಡಿಸಿದ ತಲೆಯಲ್ಲ.

“ಮನಿಗಿ ಒಯ್ದು ಏನ್ ಮಾಡ್ತಾನ್ರಿ? ಮನ್ಯಾಗ ನೀರಿಲ್ಲ, ಮೇವಿಲ್ಲ. ಮರಿಗಿ ಎಲ್ಲಿ ಹಸಿರು ಸಿಕ್ಕದ ಅಲ್ಲೇ ಮೇಯ್ಲಿ. ಮಳಿ ಆದ ಮ್ಯಾಲ ಬರ್ತೇನಿ ಅಂತ ಹೇಳಿ ಹೋಗ್ಲಿ ಕುರುಬ. ಹಂಗ ಬರೀರಿ ಬಾಯಿ.”

ಹೇಳುವಾಗ ಅವಳು ನೋಡುತ್ತಿದ್ದದ್ದು ನನ್ನನ್ನು. ನನ್ನನ್ನು ಕರೆದೊಯ್ಯುವುದಿಲ್ಲವೆಂದು ಆಗ ತಿಳಿಯಿತು. ಅವಳ ಸೊಂಟ ತಬ್ಬಿಕೊಂಡೆ, ಮನಸಾರೆ ಅತ್ತೆ. ಟೇಪು ಹಚ್ಚಿರಲಿಲ್ಲ.

ಪಾಸ್ಟರು ತಕರಾರು ಮಾಡಿದರು. “ಬೈಬಲಿನಾಗ ಹಂಗಿಲ್ಲಲ್ರಿ ಬಾಯಿ,” ಅಂದರು. “ಇದು ಬರಗಾಲದ ಕಂತು, ಅಯ್ಯನವರ,” ಅಂದರು ಬಾಯಿ. ಮೂಗಿನ ತುದಿ ಕೆಂಪಗಾಗಿತ್ತು. ಕತ್ತೆ ಸುಮ್ಮನಾಯಿತು.

ಕುರುಬನ ಮಾತನ್ನು ಅವ್ವನ ಕೈಯಲ್ಲೇ ಆಡಿಸಿದರು. ಮಧ್ಯಾಹ್ನದ ಬಸ್ಸಿಗೆ ಅವಳು ಹೊರಡಬೇಕಿತ್ತು. ಮೈಕಿನ ಮುಂದೆ ಸೆರಗು ಸರಿಮಾಡಿಕೊಂಡು ನಿಂತಳು, ಫೋಟೋ ತೆಗೆಯುತ್ತಾರೇನೋ ಅನ್ನುವ ಹಾಗೆ. ನಾಲಿಗೆ ಹೊರಳಿಸಿ ಕುರಿ ಕರೆವ ಸದ್ದು ಮಾಡಿ ಹೇಳಿದಳು: “ಇಲ್ಲೇ ಇರು ಮರಿ. ಮಳಿ ಆದ ಮ್ಯಾಲ ಬರ್ತೇನಿ. ಅಂಜಬ್ಯಾಡ. ಹೊಟ್ಟಿ ತುಂಬ ಉಣ್ಣು. ಛಂದಾಗಿ ಓದು.”

ಕಾಗೆ ಕಿಸಕ್ಕೆಂದಳು. ಕುರಿಮರಿ ಏನು ಓದಬೇಕು? ಅವ್ವ ನಾಲಿಗೆ ಕಚ್ಚಿಕೊಂಡಳು. “ತಪ್ಪಾತ್ರಿ, ಅಳಿಸ್ರಿ,” ಅಂದಳು. ಬಾಯಿ ಅಳಿಸಲಿಲ್ಲ. ಆ ಕಂತು ಕಬ್ಬಿನ ಗುಡಿಸಲುಗಳಿಗೂ ಹೋಯಿತು. ಓದುವ ಕುರಿಮರಿಯ ಮಾತು ಕೇಳಿ ಟೋಳಿಯೆಲ್ಲ ಬಿದ್ದು ಬಿದ್ದು ನಕ್ಕಿತಂತೆ. ಅಪ್ಪ ಮಾತ್ರ ಮತ್ತೊಮ್ಮೆ ಹಾಕಿಸಿ ಕೇಳಿದನಂತೆ.

ಕಬ್ಬು ಮುಗಿದ ಮೇಲೂ ಅವರು ಊರಿಗೆ ಬರಲಿಲ್ಲ, ಇಟ್ಟಿಗೆ ಭಟ್ಟಿಗೆ ಹೋದರು. ನಾನು ಬೇಸಿಗೆಯನ್ನೂ ಹಾಸ್ಟೆಲಿನಲ್ಲೇ ಕಳೆದೆ. ಅವ್ವನ ನೆನಪಾದಾಗ ನಾನು ಕೇಳದೆಯೇ ಬಾಯಿಯವರು ಆ ಕ್ಯಾಸೆಟ್ಟು ಹಾಕುತ್ತಿದ್ದರು.

ಮುಂಗಾರಿನ ಮಿರಗ ಮಳೆ ಆ ವರ್ಷ ಸುರಿಯಿತು ನೋಡಿ, ಎರಡು ವರ್ಷದ ಬಾಕಿ ತೀರಿಸುವಂತೆ. ಹೊಲ ಹಸನು ಮಾಡಲು ಆಗಷ್ಟೇ ಊರಿಗೆ ಮರಳಿದ್ದ ಅವ್ವ ಮರುದಿನವೇ ಹಾಸ್ಟೆಲಿನ ಬಾಗಿಲಲ್ಲಿದ್ದಳು. ಸೀರೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಬೀದರಿನ ಕೆಂಪು ನೆಲದ ಮೇಲೆ ಅವಳ ಕಾಲಿನ ನಮ್ಮ ಹೊಲದ ಕರಿ ಮಣ್ಣು ಎದ್ದು ಕಾಣುತ್ತಿತ್ತು. ನಾನು ಓಡಿಹೋಗಿ ಟ್ರಂಕು ಎಳೆದುಕೊಂಡು ಬಂದೆ.

“ಟ್ರಂಕ್ ಒಳಗ ಇಡು. ನಿನಗ ಒಯ್ಯಾಕ ಬಂದಿಲ್ಲ,” ಅಂದಳು ಅವ್ವ. “ಮಳಿ ಆದ ಮ್ಯಾಲ ಬರ್ತೇನಿ ಅಂದಿದ್ದೆ. ಬಂದೆ.”

ನನಗೊಂದು ರೊಟ್ಟಿಯ ಗಂಟು ಕೊಟ್ಟು, ಬಿತ್ತನೆ ಇದೆಯೆಂದು ಅದೇ ಬಸ್ಸಿಗೆ ತಿರುಗಿ ಹೋದಳು. ನಾನು ಟ್ರಂಕನ್ನು ಒಳಗಿಟ್ಟು ಓದಲು ಕೂತೆ.