ಕೆಂಪು ಚುಕ್ಕೆಯ ಡಿಸ್ಕು

ಬೆಳಗ್ಗೆ ಐದೂವರೆ. ಓಣಿಯ ವೆಲ್ಡಿಂಗ್ ಅಂಗಡಿಗಳು ಕಣ್ಣು ಬಿಟ್ಟವೆಂದರೆ ಕರೆಂಟು ಕುಣಿಯತೊಡಗುತ್ತದೆ. ಅದಕ್ಕೇ ಈ ಕಂಪ್ಯೂಟರ್ ರಿಪೇರಿಯವರು ಅಷ್ಟರೊಳಗೆ ಕೆಲಸಕ್ಕೆ ಕೂರುತ್ತಾರೆ. ಮೇಜಿನ ಮೇಲೆ ಇಪ್ಪತ್ತು ವರ್ಷ ಹಳೆಯ ಕಂಪ್ಯೂಟರೊಂದು ಹೊಟ್ಟೆ ಬಿಚ್ಚಿಕೊಂಡು ಮಲಗಿದೆ. ಅದರ ಹಾರ್ಡ್ ಡಿಸ್ಕಿನ ಮೇಲೆ ಸ್ಕ್ರೂಡ್ರೈವರಿನ ತುದಿ ಊರಿ, ಹಿಡಿಯನ್ನು ಕಿವಿಗೊತ್ತಿ ಆಲಿಸುತ್ತಾರೆ. ಓಣಿಯವರು ಇವರನ್ನು ಸುಮ್ಮನೆ ‘ಡಾಕ್ಟ್ರು’ ಎನ್ನುವುದಿಲ್ಲ.

“ಟಿಕ್ ಟಿಕ್ ಅಂತಿದೆ. ಗಡಿಯಾರ ಆಗಿದ್ರೆ ಸಂತೋಷಪಡಬಹುದಿತ್ತು.”

ಕಂಪ್ಯೂಟರು ಕಸೂತಿ ಅಂಗಡಿಯಾಕೆಯದು. ಅವರ ಕಸೂತಿ ಯಂತ್ರ ಇದರ ಮಾತನ್ನಲ್ಲದೆ ಬೇರಾರ ಮಾತನ್ನೂ ಕೇಳುವುದಿಲ್ಲ. ಡಿಸ್ಕಿನಲ್ಲಿರುವುದು ಅರವತ್ತನಾಲ್ಕು ವಿನ್ಯಾಸ, ಎಲ್ಲವೂ ಅವರ ತಂಗಿ ಬಿಡಿಸಿದವು. “ಅವಳಿಗೀಗ ಕಣ್ಣು ಕಾಣಲ್ಲಣ್ಣ. ಇನ್ನೊಂದ್ಸಲ ಬರಿ ಅನ್ನೋ ಹಾಗಿಲ್ಲ,” ಎಂದು ನಿನ್ನೆ ಹೇಳಿ ಹೋಗಿದ್ದಾರೆ.

ಇಂಥ ಮುದಿ ಕಂಪ್ಯೂಟರಿಗೆ ಹೊಸ ಡಿಸ್ಕು ಕೂರಿಸುವುದೆಂದರೆ ಕೋಳಿಗೂಡಿಗೆ ಆನೆ ನುಗ್ಗಿಸಿದಂತೆ. ಅಷ್ಟು ದೊಡ್ಡ ಡಿಸ್ಕು ಕಂಡೊಡನೆ ಅದು ದಿಗಿಲುಬಿದ್ದು ನಿಂತೇಬಿಡುತ್ತದೆ. ಡಿಸ್ಕಿನ ಹಿಂಬದಿಯ ಎರಡು ಮುಳ್ಳುಗಳಿಗೆ ಜಂಪರ್ ಎಂಬ ಅಕ್ಕಿಕಾಳಿನಷ್ಟು ಟೋಪಿ ತೊಡಿಸಿದರೆ, ತಾನು ಚಿಕ್ಕದೆಂದು ಡಿಸ್ಕು ಸುಳ್ಳು ಹೇಳುತ್ತದೆ, ಕಂಪ್ಯೂಟರು ನಂಬುತ್ತದೆ.

“ಬಾಗಿಲು ಗಿಡ್ಡ ಇದ್ರೆ ಸೊಸೆ ತಲೆ ತಗ್ಗಿಸ್ಬೇಕು. ಮನೆ ಒಡೆಯೋಕಾಗುತ್ತಾ?” ಎನ್ನುತ್ತಾರೆ ಡಾಕ್ಟ್ರು.

“ಹೂಂ, ತಗ್ಗಿಸಿ ತಗ್ಗಿಸಿ ನನ್ನ ಕತ್ತು ಹಿಡ್ಕೊಂಡಿದೆ,” ಎಂದು ಚಹಾ ತಂದ ಹೆಂಡತಿ ಲೋಟ ಕುಕ್ಕುತ್ತಾರೆ.

ಒಂದು ಕಾಲಕ್ಕೆ ದಿನಕ್ಕೆ ಎಂಟು ಕಂಪ್ಯೂಟರು ಬರುತ್ತಿದ್ದವು, ಈಗ ವಾರಕ್ಕೆ ಮೂರು. ಕೆಟ್ಟ ಡಿಸ್ಕು ಹತ್ತು ಬಂದರೆ ನಾಲ್ಕು ಬದುಕುತ್ತವೆ. ಬದುಕಲಿ ಬಿಡಲಿ, ಹಳೆಯ ಡಿಸ್ಕಿನಲ್ಲಿರುವುದನ್ನು ಹೊಸದಕ್ಕೆ ನಕಲು ಮಾಡುವ ಮೊದಲು ಹಳೆಯದರ ನೆತ್ತಿಗೆ ಹೆಂಡತಿಯ ಉಗುರುಬಣ್ಣದ ಕೆಂಪು ಚುಕ್ಕೆ ಬೀಳಲೇಬೇಕು. ಹನ್ನೊಂದು ವರ್ಷದ ಕೆಳಗೆ ಯಾವುದು ಹಳೆಯದು, ಯಾವುದು ಹೊಸದು ಎಂಬುದು ಅದಲುಬದಲಾಯಿತು. ತುಂಬಿದ ಡಿಸ್ಕಿನ ಮೇಲೆ ಖಾಲಿ ಡಿಸ್ಕನ್ನು ಸುರಿದುಬಿಟ್ಟರು. ಒಬ್ಬ ಮೇಷ್ಟ್ರು ಊರೂರು ಅಲೆದು ಕೂಡಿಸಿದ್ದ ಒಂಬತ್ತು ಸಾವಿರ ಗಾದೆಗಳು ಅರ್ಧ ಗಂಟೆಯಲ್ಲಿ ಅಳಿಸಿಹೋದವು.

“ಮೇಷ್ಟ್ರು ಬೈದಿದ್ರೆ ಚೆನ್ನಾಗಿತ್ತು. ‘ಹೋಗ್ಲಿ ಬಿಡಪ್ಪ’ ಅಂದ್ರು. ಆಮೇಲೆ ಈ ಕಡೆ ಬರಲೇ ಇಲ್ಲ.”

ಇಂದು ಚುಕ್ಕೆ ಇಟ್ಟು, ಎರಡೆರಡು ಸಲ ನೋಡಿ, ನಕಲು ಶುರುಮಾಡಿದ್ದಾರೆ. ಪರದೆಯ ಮೇಲೆ ಹತ್ತೊಂಬತ್ತನೆಯ ವಿನ್ಯಾಸ ದಾಟಿದ ಮೇಲೆ ಟಿಕ್ ಟಿಕ್ ಸದ್ದು ಕರಕರ ಆಗುತ್ತದೆ. ತಣ್ಣನೆ ಬಟ್ಟೆ ಹಾಸುತ್ತಾರೆ, ಡಿಸ್ಕನ್ನು ಮಗ್ಗುಲು ಬದಲಿಸಿ ಮಲಗಿಸುತ್ತಾರೆ, ಕಾಯುತ್ತಾರೆ. ಏಳು ಗಂಟೆಗೆ ಸದ್ದೂ ನಿಲ್ಲುತ್ತದೆ. ಸ್ಕ್ರೂಡ್ರೈವರಿಗೆ ಏನೂ ಕೇಳಿಸುವುದಿಲ್ಲ.

ಎಂಟಕ್ಕೆ ಕಸೂತಿಯಾಕೆ ಬರುತ್ತಾರೆ. ಕಂಪ್ಯೂಟರು ಹೊಸ ಡಿಸ್ಕಿನಿಂದ ಎದ್ದು ನಿಂತಿದೆ, ಹಿಂದೆಂದಿಗಿಂತ ಚುರುಕಾಗಿ. ಅದರಲ್ಲಿ ಇನ್ನೂ ಸಾವಿರಾರು ವಿನ್ಯಾಸಗಳಿಗೆ ಜಾಗವಿದೆ. ಇರುವುದು ಹತ್ತೊಂಬತ್ತು.

“ಕೊನೇದು ನವಿಲು ಬರೆದಿದ್ಲು. ಅದು ಬಂತಾ?”

“ಇಲ್ಲಮ್ಮಾ.”

ಆಕೆ ಕೆಂಪು ಚುಕ್ಕೆಯ ಡಿಸ್ಕನ್ನು ಸೆರಗಿನಲ್ಲಿ ಸುತ್ತಿಕೊಳ್ಳುತ್ತಾರೆ. “ಹೋಗ್ಲಿ ಬಿಡಣ್ಣ. ನೀವೇನು ಮಾಡ್ತೀರಿ.”

ಆಕೆ ಓಣಿಯ ತಿರುವು ದಾಟುವವರೆಗೂ ಡಾಕ್ಟ್ರು ಬಾಗಿಲಲ್ಲೇ ನಿಂತಿರುತ್ತಾರೆ. ಈ ಸಲ ಕೈ ತಪ್ಪಿಲ್ಲ, ಅದನ್ನವರು ಬಲ್ಲರು. ಆದರೂ ಆ ‘ಹೋಗ್ಲಿ ಬಿಡಣ್ಣ’ ಮೇಷ್ಟ್ರ ದನಿಯಲ್ಲೇ ಕೇಳಿಸಿದೆ. ಉಗುರುಬಣ್ಣದ ಸೀಸೆಯ ಮುಚ್ಚಳ ತಿರುಪುತ್ತ ಹೆಂಡತಿಗೆ ಹೇಳುತ್ತಾರೆ:

“ಜನ ಇಷ್ಟು ಒಳ್ಳೆಯವರಾದ್ರೆ ನಮ್ಮಂಥೋರು ಬದುಕೋದು ಹೇಗೆ, ಹೇಳು.”